ಸಿಹಿಕೊಲ್ಲಿಯ ನೀರು

ನಮ್ಮ ದ್ವೀಪದ ಮೀನಿನ ಡಬ್ಬಿ ಕಾರ್ಖಾನೆ ಮುಚ್ಚಿದಾಗ ಅಲ್ಲಿ ದುಡಿದ ಹೆಂಗಸರು ನೆನಪಿಗೆ ಒಂದೊಂದು ವಸ್ತು ಒಯ್ದರು. ಕೆಲವರು ಕತ್ತರಿ ತಂದರು, ಕೆಲವರು ಏಪ್ರನ್. ಪೆರೀನಾ ಕೇಳಿದ್ದು ಮ್ಯಾನೇಜರ್ ಕೋಣೆಯ ಗಾಜಿನ ತೊಟ್ಟಿಯನ್ನು. ಆರು ಜನ ಹೊತ್ತು ತಂದು ಅವಳ ಮನೆಯ ಕೆಳಗಿನ ತಂಪು ಕೋಣೆಯಲ್ಲಿಟ್ಟರು.

ತೊಟ್ಟಿಯ ನಡುವೆ ಒಂದು ಹವಳ ಇದೆ. ಇಪ್ಪತ್ತಾರು ವರ್ಷಗಳ ಹಿಂದೆ ಜಾನೆ ಎಂಬ ಮೀನುಗಾರನ ಬಲೆಗೆ ಸಿಕ್ಕು ಈ ತೊಟ್ಟಿಗೆ ಬಂದಾಗ ಅದು ಅಕ್ರೋಟು ಕಾಯಿಯಷ್ಟಿತ್ತು. ಈಗ ಒಂದು ದೊಡ್ಡ ಬ್ರೆಡ್ಡಿನಷ್ಟಿದೆ, ಜೇನಿನ ಬಣ್ಣ. ಅದರ ತುಂಬ ಸಣ್ಣ ಸಣ್ಣ ಕೊಳವೆಗಳು, ಒಂದೊಂದರಲ್ಲೂ ಒಂದು ಜೀವ. ನೀರು ಹಿತವಾಗಿದ್ದರೆ ಅವು ಹೂವಿನಂತೆ ಅರಳಿರುತ್ತವೆ, ಇಲ್ಲದಿದ್ದರೆ ಒಳಗೆ ಸರಿದುಬಿಡುತ್ತವೆ. ಪೆರೀನಾ ಬೆಳಗ್ಗೆ ಕಾಫಿಗೂ ಮೊದಲು ಅದನ್ನು ನೋಡುತ್ತಾಳೆ.

ಕಳೆದ ಅಕ್ಟೋಬರಿನಲ್ಲಿ ಹವಳದ ಬುಡದಲ್ಲಿ ಹಸಿರು ಪಾಚಿ ಕಾಣಿಸಿತು. ಮೊದಲು ಎಳೆ ಮಗುವಿನ ಕೂದಲಿನಷ್ಟು. ಹತ್ತು ದಿನಗಳಲ್ಲಿ ಬೆರಳುದ್ದ. ಪೆರೀನಾ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದಳು, ಬೆರಳಿಗೆ ಸುತ್ತಿ ಕಿತ್ತಳು. ಕಿತ್ತಷ್ಟೂ ಬಂತು. ಪರೀಕ್ಷೆಯ ಸೀಸೆಗೆ ತೊಟ್ಟಿಯ ನೀರು ಹಾಕಿ ಮದ್ದಿನ ಹನಿ ಬಿಟ್ಟರೆ ಹಳದಿಯಾಗಿರಬೇಕಿದ್ದ ಬಣ್ಣ ಕಿತ್ತಳೆಗೆ ತಿರುಗುತ್ತಿತ್ತು. ಅಂದರೆ ನೈಟ್ರೇಟ್ ಏರಿದೆ, ಪಾಚಿಗೆ ಗೊಬ್ಬರ ಸಿಗುತ್ತಿದೆ. ತೊಟ್ಟಿಯಲ್ಲಿದ್ದ ಮೀನುಗಳಿಗೆ ಹಾಕುವ ಆಹಾರವನ್ನು ಅವಳು ಅರ್ಧಕ್ಕೆ ಇಳಿಸಿದಳು. ಹದಿನೈದು ದಿನಕ್ಕೊಮ್ಮೆ ನೀರು ಬದಲಿಸುತ್ತಿದ್ದವಳು ಮೂರು ದಿನಕ್ಕೊಮ್ಮೆ ಬದಲಿಸತೊಡಗಿದಳು. ಹತ್ತಿರದ ಸಿಹಿಕೊಲ್ಲಿಯಿಂದ ಕಡಲನೀರನ್ನು ಕ್ಯಾನುಗಳಲ್ಲಿ ತುಂಬಿ ಕೈಗಾಡಿಯಲ್ಲಿ ತರುತ್ತಿದ್ದಳು.

ವಯಸ್ಸಾದ ಕಡಲಿಗರನ್ನು ನಾವು ಬಾರ್ಬಾ ಎನ್ನುತ್ತೇವೆ. ಬಾರ್ಬಾ ಜಾನೆ ಬಾಗಿಲಲ್ಲಿ ನಿಂತು ಇಣುಕಿದ.

"ಏನೇ ಪೆರೀನಾ, ಸೊಪ್ಪು ಚೆನ್ನಾಗಿ ಬಂದಿದೆಯಲ್ಲ! ಆಲೂಗಡ್ಡೆ ನಾನು ತರ್ತೀನಿ, ನೀನು ಬೆಳ್ಳುಳ್ಳಿ ಹಾಕಿ ಬೇಯ್ಸು."

"ನಗಬೇಡಿ ಬಾರ್ಬಾ. ಎಡಗಡೆ ನೋಡಿ, ಮೂರು ದಿನ ಆಯ್ತು, ಒಂದೂ ಬಾಯಿ ಬಿಟ್ಟಿಲ್ಲ."

ಜಾನೆ ಬಗ್ಗಿ ನೋಡಿದ. ನಗು ನಿಂತಿತು. "ಯೂಗೊ ಬೀಸ್ತಿದೆ ಕಣೇ. ಈ ಗಾಳೀಲಿ ಮನುಷ್ಯರಿಗೇ ತಲೆ ನೆಟ್ಟಗಿರಲ್ಲ, ಪಾಪ ಅದಕ್ಕೇನು? ಗಾಳಿ ತಿರುಗೋವರೆಗೂ ಏನೂ ಮಾಡಬೇಡ."

ಯೂಗೊ ಎಂದರೆ ತೆಂಕಣ ಗಾಳಿ, ಮಳೆ ತರುವಂಥದು. ಅದು ಬೀಸುವಾಗ ನಮ್ಮಲ್ಲಿ ಯಾರೂ ಹೊಸ ತೀರ್ಮಾನ ಮಾಡುವುದಿಲ್ಲ. ಮದುವೆಯ ಮಾತೂ ಆಡುವುದಿಲ್ಲ. ಪೆರೀನಾಳೂ ಹಾಗೆಯೇ ಬೆಳೆದವಳು. ಹಳೆಯ ಕ್ರಮವನ್ನೇ ಮುಂದುವರಿಸಿದಳು: ಕೆರೆಯುವುದು, ನೀರು ತರುವುದು, ಸುರಿಯುವುದು. ಏಳು ದಿನವಾದರೂ ಗಾಳಿ ನಿಲ್ಲಲಿಲ್ಲ. ಹವಳದ ಎಡಭಾಗದಲ್ಲಿ ಮಾಂಸ ಕರಗಿ ಬಿಳಿ ಸುಣ್ಣ ಕಂಡಿತು.

ಎಂಟನೆಯ ದಿನ ಕ್ಯಾನಿನ ನೀರು ಸುರಿಯುವ ಮುಂಚೆ ಅವಳ ಕೈ ನಿಂತಿತು. ತೊಟ್ಟಿಯ ಉಪ್ಪು ಒಂದು ತಿಂಗಳಿಂದ ತುಸು ಕಡಿಮೆ ಇತ್ತು. ಆರಿಹೋದ ನೀರಿಗೆ ಬದಲಾಗಿ ನಲ್ಲಿನೀರು ಹೆಚ್ಚು ಬೆರೆಸಿದೆನೇನೋ ಎಂದು ತನ್ನನ್ನೇ ಬೈದುಕೊಂಡಿದ್ದಳು. ಈಗ ಉಪ್ಪು ಅಳೆಯುವ ಗಾಜಿನ ಕಡ್ಡಿಯನ್ನು ಕ್ಯಾನಿಗೇ ಇಳಿಸಿದಳು. ಸಮುದ್ರದ ನೀರಿನಲ್ಲಿ ತೇಲಬೇಕಾದ ಕಡ್ಡಿ ಕತ್ತಿನವರೆಗೆ ಮುಳುಗಿತು, ಉಪ್ಪು ಅಷ್ಟು ಕಡಿಮೆ. ಅದೇ ನೀರನ್ನು ಸೀಸೆಗೆ ಹಾಕಿ ಮದ್ದು ಬಿಟ್ಟಳು. ಬಣ್ಣ ಕಿತ್ತಳೆಯನ್ನೂ ದಾಟಿ ಕೆಂಪಾಯಿತು.

ಸಿಹಿಕೊಲ್ಲಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಅಲ್ಲಿ ಕಡಲಿನ ತಳದಿಂದ ಸಿಹಿನೀರಿನ ಊಟೆ ಏಳುತ್ತದೆ, ನಮ್ಮ ಅಜ್ಜಿಯರು ಉಣ್ಣೆ ತೊಳೆದದ್ದು ಅಲ್ಲಿಯೇ. ಮಳೆ ಬಂದರೆ ಅದು ಉಕ್ಕುತ್ತದೆ, ಮೇಲಿನ ಬಯಲಿನ ನೀರೆಲ್ಲ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು ಅಲ್ಲಿಗೇ ಬರುತ್ತದೆ. ಕಳೆದ ವಸಂತದಿಂದ ಬಯಲಿನಲ್ಲಿ ಹೊಸ ದ್ರಾಕ್ಷಿ ತೋಟ, ಚೀಲಗಟ್ಟಲೆ ಗೊಬ್ಬರ. ಇದೆಲ್ಲ ಊರಿಗೇ ಗೊತ್ತಿತ್ತು. ಆದರೆ ಕಡಲನ್ನು ಪರೀಕ್ಷೆ ಮಾಡುವವರು ಯಾರಿದ್ದಾರೆ? ಆ ನೀರನ್ನು ತಂದು ಸುರಿದು ಪಾಚಿಗೆ ಅವಳೇ ಕೈಯಾರೆ ಉಣಿಸಿದ್ದಳು.

ಜಾನೆಯ ಮನೆಗೆ ಓಡಿದಳು. "ಬಾರ್ಬಾ, ದೀಪಸ್ತಂಭದ ಆಚೆಯ ಆಳಕಡಲಿನ ನೀರು ಬೇಕು."

"ಈ ಗಾಳೀಲಾ? ನಿಂಗೆ ಹುಚ್ಚಾ? ನನ್ನ ದೋಣಿ ಹೋದ್ರೆ ಹವಳದ ಮೇಲೆ ಕೂತು ಮೀನು ಹಿಡೀಲಾ?"

ಅದು ನಿಜವೇ. ಅವಳು ಮರಳಿ ಬಂದು, ಯೂಗೊ ಬೀಸುತ್ತಿರುವಾಗಲೇ, ಹುಟ್ಟಿದ ಮೇಲೆ ಮೊದಲ ಬಾರಿಗೆ ತೀರ್ಮಾನ ಮಾಡಿದಳು. ತಂದ ನೀರನ್ನೆಲ್ಲ ಚರಂಡಿಗೆ ಚೆಲ್ಲಿದಳು. ತೊಟ್ಟಿಗೆ ಹೊಸ ನೀರು ಹಾಕುವುದನ್ನು ನಿಲ್ಲಿಸಿದಳು, ಪಾಚಿಗೆ ಬೆಳಕು ಸಿಗದಂತೆ ತೊಟ್ಟಿಯ ದೀಪ ಆರಿಸಿದಳು. ಮುಂಗೈ ಮುಳುಗಿಸಿ ಪಾಚಿಯನ್ನು ಎಳೆ ಎಳೆಯಾಗಿ ಕಿತ್ತಳು. ಕೊಳಕು ನೀರನ್ನು ಬದಲಿಸದೆ ನೋಡುತ್ತ ಕೂರುವುದೇ ಅವಳಿಗೆ ಅತಿ ಕಷ್ಟವಾಯಿತು. ಎರಡು ಸಲ ಕೈ ಕ್ಯಾನಿನತ್ತ ಹೋಗಿತ್ತು ಎಂದು ನನಗೆ ಹೇಳಿದಳು.

ನಾಲ್ಕನೆಯ ಬೆಳಗ್ಗೆ ಗಾಳಿ ತಿರುಗಿತು. ದೀಪಸ್ತಂಭ ದಾಟಿದ ಮೇಲೆ ಜಾನೆ ಕ್ಯಾನು ಇಳಿಸಲು ಹೋದರೆ ಪೆರೀನಾ ತಡೆದಳು. ದೋಣಿ ಹೊಯ್ದಾಡುತ್ತಿದ್ದರೂ ಮೊಣಕಾಲುಗಳ ನಡುವೆ ಸೀಸೆ ಹಿಡಿದು ಹನಿ ಎಣಿಸಿದಳು.

"ಕಡಲಿಗೇ ಪರೀಕ್ಷೆನಾ? ಪಾಸಾಯ್ತಾ ಪಾಪ?"

"ಇನ್ನೂ ಎರಡು ನಿಮಿಷ ಸುಮ್ನಿರಿ ಬಾರ್ಬಾ."

ಹಳದಿಯೇ ಉಳಿಯಿತು. ಆಮೇಲೆ ಹದಿನಾಲ್ಕು ಕ್ಯಾನು ತುಂಬಿದರು.

ಹವಳದ ಮೂರರಲ್ಲಿ ಒಂದು ಪಾಲು, ಎಡಗಡೆಯದು, ಸತ್ತೇಹೋಯಿತು, ಅದು ಮರಳಿ ಬರುವುದಿಲ್ಲ. ಉಳಿದದ್ದು ಡಿಸೆಂಬರಿನಲ್ಲಿ ಅರಳಿತು. ಬಿಳಿಯ ಅಂಚಿನಲ್ಲಿ ಒಂದು ಕೊಳವೆ ಮಾತ್ರ ಅರ್ಧ ತೆರೆದಂತೆ, ಅರ್ಧ ಮುಚ್ಚಿದಂತೆ ಇದೆ. ಪೆರೀನಾ ಈಗ ಬೆಳಗ್ಗೆ ಅದನ್ನೇ ನೋಡುತ್ತ ಕೂರುತ್ತಾಳೆ, ಕಾಫಿ ತಣ್ಣಗಾಗುತ್ತದೆ.