ಚಪ್ಪಲಿ ಕಳ್ಳನೂ ಪಕ್ಕದ ಮನೆಯ ಅಕ್ಕಾರೂ

ಕಳೆದ ತಿಂಗಳು ಗದಗಿನ ನಮ್ಮ ಹೊಸ ಮನೆಗೆ ಕರಂಟಿನ ಅರ್ಥಿಂಗ್ ಮಾಡಲು ಬಂದವರು ಅಂಗಳದ ಮೂಲೆಯಲ್ಲಿ ಗುಂಡಿ ತೋಡಿ, ಅದರೊಳಗೆ ಇದ್ದಿಲು ಮತ್ತು ಹರಳುಪ್ಪನ್ನು ಪದರು ಪದರಾಗಿ ಸುರಿದು ಮೇಲೆ ನೀರು ಹೊಯ್ದರು. ಒದ್ದೆ ಇದ್ದಿಲು, ಉಪ್ಪು, ಎರೆಮಣ್ಣು ಮೂರೂ ಕೂಡಿದ ವಾಸನೆ ಪಡಸಾಲೆಯವರೆಗೆ ಬಂತು. ಕೆಲಸದವರಿಗೆ ಚಹಾ ಮಾಡಬೇಕೆಂದು ಒಳಗೆ ಹೋದವಳು ಒಲೆ ಹಚ್ಚುವುದನ್ನೂ ಮರೆತು ನಿಂತುಬಿಟ್ಟೆ. ಆ ವಾಸನೆ ಮೊದಲ ಸಲ ನನ್ನ ಮೂಗಿಗೆ ಬಡಿದದ್ದು ಬೆಟಗೇರಿಯಲ್ಲಿ, ಪಕ್ಕದ ಮನೆಯ ಹಿತ್ತಲಿನಿಂದ. ಆ ಮನೆಯಲ್ಲಿ ಸಾವಾಗಿ ಇನ್ನೂ ವಾರ ಕಳೆದಿರಲಿಲ್ಲ...

ನಾನು ಮದುವೆಯಾಗಿ ಬೆಟಗೇರಿಗೆ ಬಂದಾಗ ನಮ್ಮ ಓಣಿಯಲ್ಲಿ ಇನ್ನೂ ಕೆಲವು ಮನೆಗಳಲ್ಲಿ ಮಗ್ಗದ ಸದ್ದು ಕೇಳುತ್ತಿತ್ತು. ನಮ್ಮ ಹಿತ್ತಲಿಗೂ ಪಕ್ಕದ ಮನೆಯ ಹಿತ್ತಲಿಗೂ ನಡುವೆ ಎದೆಯೆತ್ತರದ ಗೋಡೆ. ಆ ಗೋಡೆಯಾಚೆ ಇದ್ದವರು ಅಕ್ಕಾರು. ಓಣಿಗೆಲ್ಲ ಅವರು ಅಕ್ಕಾರೇ. ವಯಸ್ಸಿನಲ್ಲಿ ಅವರಿಗಿಂತ ಹಿರಿಯರೂ ಹಾಗೇ ಕರೆಯುತ್ತಿದ್ದರು. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಬಂದ ಮರುವರ್ಷವೇ ತಾಯಿ ತೀರಿಕೊಂಡಿದ್ದರಿಂದ ಚಿಕ್ಕ ತಮ್ಮನನ್ನು ಬೆಳೆಸಿದ್ದೂ ಅವರೇ. ನಾನು ಕಾಣುವ ಹೊತ್ತಿಗೆ ಆ ತಮ್ಮ ಗದಗಿನಲ್ಲಿ ಟೈಲ್ಸ್ ಅಂಗಡಿ ಇಟ್ಟು ನಾಲ್ಕು ಮಂದಿ ಗುರುತಿಸುವಂಥ ಮನುಷ್ಯನಾಗಿದ್ದ. ಅವನ ಮದುವೆಯಾಗಿ, ಅದೇ ಮನೆಯಲ್ಲಿ ಮಕ್ಕಳೂ ದೊಡ್ಡವರಾಗಿದ್ದರು. ಅಕ್ಕಾರು ಮಾತ್ರ ಅದೇ ಅಡುಗೆ ಮನೆ, ಅದೇ ಹಿತ್ತಲು.

ಹಿತ್ತಲೆಂದರೆ ಅವರಿಗೆ ಜೀವ. ಕರಿಬೇವು, ನುಗ್ಗೆ, ಬಸಳೆ, ಬೇಸಿಗೆಗೆ ಬತ್ತುವ ಬಾವಿಯ ಕಟ್ಟೆಯ ಹತ್ತಿರ ಒಂದು ದುಂಡುಮಲ್ಲಿಗೆ. ನಮ್ಮೂರಿನಲ್ಲಿ ನಳದ ನೀರು ಬರುವುದೆಂದರೆ ಹಬ್ಬ ಬಂದಂತೆ, ಯಾವಾಗ ಬರುತ್ತದೋ ಹೇಳಲಾಗದು. ಅಕ್ಕಾರು ಅಕ್ಕಿ ತೊಳೆದ ನೀರು, ಪಾತ್ರೆ ತೊಳೆದ ನೀರು ಎಲ್ಲವನ್ನೂ ಬಕೆಟ್ಟಿಗೆ ತುಂಬಿಟ್ಟುಕೊಂಡು ಗಿಡಗಳಿಗೆ ಹಂಚುತ್ತಿದ್ದರು. ಎಲೆಗೆ ಹುಳ ಬಿದ್ದರೆ ಬೂದಿ ಎರಚುತ್ತ ಬೈಯುತ್ತಿದ್ದರು. ಅವರ ಬೈಗಳು ಗಿಡಕ್ಕೆ, ಹುಳಕ್ಕೆ, ಮಿಕ್ಸರಿಗೆ. ಆ ಮಿಕ್ಸರು ಚಟ್ನಿ ರುಬ್ಬುವಾಗ ಕುಣಿಯುತ್ತ ಕುಣಿಯುತ್ತ ಅಡುಗೆ ಕಟ್ಟೆಯ ಅಂಚಿಗೆ ಬಂದುಬಿಡುತ್ತಿತ್ತು. ಅದರ ನೆತ್ತಿಯ ಮೇಲೆ ಕೈ ಒತ್ತಿ ಹಿಡಿದು, “ಸುಮ್ನ ಕುಂಡ್ರಲೇ, ಎಲ್ಲಿಗೆ ಹೊಂಟಿ?” ಎನ್ನುವುದು ನಮ್ಮ ಮನೆಗೆ ಕೇಳುತ್ತಿತ್ತು. ಮನುಷ್ಯರಿಗೆ ಅವರು ಬೈದದ್ದನ್ನು ನಾನು ಕೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಕಳ್ಳ್ಯಾ. ಓಣಿಯ ಕಂದು ನಾಯಿ, ಒಂದು ಕಿವಿ ಮಡಚಿಕೊಂಡದ್ದು. ಮರಿಯಾಗಿದ್ದಾಗ ಗಟಾರಿಗೆ ಬಿದ್ದಿದ್ದನ್ನು ಅಕ್ಕಾರು ಎತ್ತಿ ತಂದು ರೊಟ್ಟಿ ಹಾಲು ಹಾಕಿ ಉಳಿಸಿದ್ದರು. ಅದಕ್ಕೊಂದು ವಿಚಿತ್ರ ಚಟ ಅಂಟಿಕೊಂಡಿತ್ತು. ಓಣಿಯ ಯಾರದೇ ಬಾಗಿಲಲ್ಲಿ ಚಪ್ಪಲಿ ಕಂಡರೆ ಒಂದನ್ನು ಕಚ್ಚಿಕೊಂಡು ಬಂದು ಅಕ್ಕಾರ ಮನೆಮುಂದಿನ ಕಟ್ಟೆಯ ಮೇಲೆ ಇಡುತ್ತಿತ್ತು. ಹರಿಯುತ್ತಿರಲಿಲ್ಲ, ಕಡಿಯುತ್ತಿರಲಿಲ್ಲ. ಇಟ್ಟು, ಬಾಲ ಅಲ್ಲಾಡಿಸುತ್ತ ಅವರ ಮುಖ ನೋಡುತ್ತಿತ್ತು, ಏನೋ ದೊಡ್ಡ ಕಾಣಿಕೆ ತಂದವರಂತೆ. ಚರ್ಮದ್ದು ಅದಕ್ಕೆ ಸೇರುತ್ತಿರಲಿಲ್ಲ, ರಬ್ಬರಿನ ಹವಾಯಿ ಚಪ್ಪಲಿಯೇ ಬೇಕು. ಬೆಳಿಗ್ಗೆ ಅಕ್ಕಾರು ಆ ಒಂಟಿ ಚಪ್ಪಲಿಗಳನ್ನು ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿಡುತ್ತಿದ್ದರು. ಮಂದಿ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಕುಂಟುತ್ತ ಬರುತ್ತಿದ್ದರು.

“ಅಕ್ಕಾರ, ನಮ್ಮದು ಬಂದೈತೇನ್ರಿ?”

“ಬಂದೈತಿ, ಬರ್ರಿ. ಹುಡುಕಿ ಒಯ್ರಿ.”

ಹಾಗೆ ಬಂದವರು ಚಪ್ಪಲಿ ತೆಗೆದುಕೊಂಡು ಸುಮ್ಮನೆ ಹೋಗುತ್ತಿರಲಿಲ್ಲ. ಕುಳಿತು ಮಾತಾಡಿ, ಚಹಾ ಕುಡಿದು ಹೋಗುತ್ತಿದ್ದರು. ಅಕ್ಕಾರಿಗೆ ಅದೇ ದಿನದ ಸಂತೋಷ.

ಅಕ್ಕಾರ ತಮ್ಮ ಆ ಮನೆಯ ಮುಂದಿನ ಅಂಗಳಕ್ಕೆ ಹೊಸ ಟೈಲ್ಸ್ ಹಾಕಿಸಿದ. ಮುಖ ಕಾಣುವಷ್ಟು ಹೊಳಪು. ಗಿರಾಕಿಗಳನ್ನು ಅಂಗಡಿಯಿಂದ ಮನೆಗೇ ಕರೆತಂದು ತೋರಿಸುತ್ತಿದ್ದ. ಆದರೆ ಟೈಲ್ಸ್ ಕೂರಿಸುವವರು ಅಂಗಳ ಅಗೆಯುವಾಗ ಅಲ್ಲಿದ್ದ, ಸೋರುವ ಕರಂಟನ್ನು ನೆಲಕ್ಕಿಳಿಸುವ ಹಳೆಯ ಅರ್ಥಿಂಗ್ ಗುಂಡಿಯನ್ನು ಮುಚ್ಚಿ, ತಂತಿಯನ್ನೂ ಕತ್ತರಿಸಿಬಿಟ್ಟಿದ್ದರು. ಆವತ್ತಿನಿಂದ ಅಡುಗೆ ಮನೆಯ ಫ್ರಿಜ್ಜು ಮುಟ್ಟಿದರೆ ಕೈ ಜುಮ್ಮೆನ್ನತೊಡಗಿತು. ವೈರ್‌ಮನ್ ಚಾಚಾನನ್ನು ಕರೆಸಿದರು. ಓಣಿಯ ಎಲ್ಲ ಮನೆಗಳ ಕರಂಟಿನ ಕೆಲಸ ಅವನದೇ. ಅವನು ಟೆಸ್ಟರ್ ಹಚ್ಚಿ ನೋಡಿ, ತಮ್ಮನಿಗೆ ಹೇಳುತ್ತಿದ್ದುದು ನಮ್ಮ ಪಡಸಾಲೆಗೇ ಕೇಳಿಸುತ್ತಿತ್ತು.

“ಅರ್ಥಿಂಗ್ ಹೋಗೇತ್ರಿ ಸಾವಕಾರ. ಮುಂದಿನ ಟೈಲ್ಸ್ ಒಂದಿಷ್ಟು ತಗಸ್ರಿ, ಹೊಸಾದ್ ಹಾಕಿ ಕೊಡ್ತೀನಿ.”

“ಏ ಚಾಚಾ, ಆ ಟೈಲ್ಸ್ ಒಡದ್ರ ಮತ್ತ ಅಂಥವು ಸಿಗೂದಿಲ್ಲ. ಬ್ಯಾರೆ ಏನರ ಮಾಡು.”

“ಬ್ಯಾರೆ ಏನೂ ಇಲ್ರಿ. ಮಳಿಗಾಲದಾಗ ಯಾರಿಗರ ಜೋರ್ ಹೊಡದ್ರ?”

“ಚಪ್ಪಲಿ ಹಾಕ್ಕೊಂಡು ಫ್ರಿಜ್ಜಿನ ಬಾಗಲಾ ತಗೀತಾರ ಬಿಡು. ಆಮ್ಯಾಲ ನೋಡೂಣು.”

ಅಲ್ಲಿಗೆ ಆ ಮಾತು ಮುಗಿಯಿತು. ದೇವರ ಜಗಲಿ ಇದ್ದ ಅಡುಗೆ ಮನೆ ಅದು. ಮಡಿಯಿಲ್ಲದೆ ಒಲೆ ಮುಟ್ಟದ ಅಕ್ಕಾರು ಅದೇ ಕೋಣೆಯಲ್ಲಿ, ಫ್ರಿಜ್ಜಿನ ಪಕ್ಕದ ಮೊಳೆಗೆ ಒಂದು ಜೊತೆ ನೀಲಿ ಹವಾಯಿ ಚಪ್ಪಲಿ ತೂಗುಹಾಕಿಕೊಂಡರು. ಹಾಲು ತೆಗೆಯಬೇಕಾದರೂ ಚಪ್ಪಲಿ ಮೆಟ್ಟಬೇಕು. “ನಮ್ಮ ಫ್ರಿಜ್ಜಿಗೆ ಸಿಟ್ಟು ಭಾಳ ತಂಗಿ. ಬರಿಗಾಲಾಗ ಹ್ವಾದ್ರ ಹೊಡದ ಬಿಡ್ತೈತಿ” ಎಂದು ಗೋಡೆಯಾಚೆಯಿಂದ ನಗುತ್ತ ಹೇಳಿದ್ದರು. ನಕ್ಕರೂ ಅವರಿಗೆ ಭಯವಿತ್ತು. ಒಂದು ದಿನ ಚಾಚಾ ನಮ್ಮ ಮನೆಗೆ ಫ್ಯಾನು ರಿಪೇರಿಗೆ ಬಂದಾಗ ಗೋಡೆಯ ಮೇಲಿಂದಲೇ ಕೇಳಿದರು.

“ಚಾಚಾ, ಹಿತ್ತಲದಾಗ ಗುಂಡಿ ತೋಡಿದ್ರ ನಡೀತೈತೇನು?”

“ನಡೀತೈತ್ರಿ ಅಕ್ಕಾರ. ಅಲ್ಲಿ ನೀರಿನ ಪಸಿ ಇರತೈತಿ, ಛಲೋನ ಆತು. ಆ ಮಲ್ಲಿಗಿ ಜಾಗಾ ಸರಿ ಐತಿ.”

ಮರುದಿನ ಅಕ್ಕಾರು ಮಲ್ಲಿಗೆಯನ್ನು ಕಿತ್ತುಹಾಕಿದರು. ತಾಯಿ ನೆಟ್ಟ ಗಿಡವಂತೆ ಅದು. ತಾವೇ ಸಲಿಕೆ ಹಿಡಿದು, ಸೊಂಟ ಹಿಡಿದುಕೊಳ್ಳುತ್ತ, ದಿನಕ್ಕಿಷ್ಟು ದಿನಕ್ಕಿಷ್ಟು ಅಗೆದು ಗುಂಡಿ ಮಾಡಿದರು. ನಾನೂ ಆಚೆ ಹೋಗಿ ಮಣ್ಣು ಎತ್ತಿಕೊಟ್ಟೆ. ತಮ್ಮನಿಗೆ ಹೇಳಿದರು, “ತಮ್ಮಾ, ನಿನ್ನ ಟೈಲ್ಸ್ ಮುಟ್ಟೂದು ಬ್ಯಾಡ. ಗುಂಡಿ ತಯಾರ್ ಐತಿ. ಚಾಚಾಗ ಒಂದು ಮಾತು ಹೇಳು.” ಅವನು ಆತು ಎಂದ. ಮುಂದಿನ ವಾರ ಕೇಳಿದಾಗಲೂ ಆತು ಎಂದ. ಅದೇ ದಿನಗಳಲ್ಲಿ ತನ್ನ ಕೋಣೆಗೆ ಎ.ಸಿ. ಹಾಕಿಸಿಕೊಂಡ. ಗುಂಡಿ ಹಾಗೇ ಬಾಯಿ ತೆರೆದುಕೊಂಡು ಬಿದ್ದಿತ್ತು. ಬೇಸಿಗೆಯ ಮಧ್ಯಾಹ್ನ ಕಳ್ಳ್ಯಾ ಅದರ ತಂಪಿನಲ್ಲಿ ಇಳಿದು ಮಲಗುತ್ತಿತ್ತು. “ನೋಡು ತಂಗಿ, ನಾ ತೋಡಿದ್ದು ಇವನ ಅರಮನಿ ಆತು” ಎಂದು ಅಕ್ಕಾರು ನಗುತ್ತಿದ್ದರು. ನನಗೆ ಆ ನಗು ಈಗ ನೆನಪಾದರೆ ಸಿಟ್ಟು ಬರುತ್ತದೆ. ಅವರ ಮೇಲಲ್ಲ...

ಆವತ್ತು ನಳ ಬಂದಿತ್ತು. ಬಹಳ ದಿನ ಕಾಯಿಸಿ ಬಂದ ನೀರು, ಓಣಿಗೆ ಓಣಿಯೇ ಕೊಡ, ಬ್ಯಾರಲ್ಲು ಹಿಡಿದುಕೊಂಡು ಓಡಾಡುತ್ತಿತ್ತು. ಅಕ್ಕಾರ ಮನೆಯಲ್ಲಿ ಪೈಪು ಹಿತ್ತಲ ಬಾಗಿಲಿನಿಂದ ಅಡುಗೆ ಮನೆಯ ಮೂಲಕ ಹಾದು ಒಳಗಿನ ಬ್ಯಾರಲ್ಲಿಗೆ ಹೋಗಿತ್ತು. ಬಾಗಿಲು ಹಾಕಲು ಬರುವಂತಿರಲಿಲ್ಲ, ನೆಲವೆಲ್ಲ ನೀರು. ನಾನು ಗೋಡೆಯ ಈಚೆ ನಮ್ಮ ಹಂಡೆ ತುಂಬುತ್ತಿದ್ದೆ. ಮುಂದಿನ ಪಡಸಾಲೆಯಲ್ಲಿ ತಮ್ಮ ಯಾರೋ ಗಿರಾಕಿಗಳನ್ನು ಕೂರಿಸಿಕೊಂಡಿದ್ದ. ಅವನು ಕೂಗಿದ್ದು ಕೇಳಿಸಿತು.

“ಯಕ್ಕಾ, ತಣ್ಣನ ನೀರು ತಾ.”

ಅಕ್ಕಾರು ಹಿತ್ತಲ ಬಾಗಿಲಿಗೆ ಬಂದು ಆಚೀಚೆ ನೋಡಿದರು. “ಒಂದು ಚಪ್ಪಲಿ ಒಯ್ದಾನ ನೋಡ ತಂಗಿ, ಕಳ್ಳ್ಯಾ. ಬಾಗಲಾ ತೆರದದ್ದ ನೋಡಿ ಒಳಗ ಬಂದಾನ” ಎಂದರು. ಅವರ ಮುಖದಲ್ಲಿ ನಗುವೇ ಇತ್ತು. ಅದು ಮಲಗುವ ಗುಂಡಿಯ ಕಡೆ ಹೆಜ್ಜೆಯಿಟ್ಟಿದ್ದರು. ಅಷ್ಟರಲ್ಲಿ ಮತ್ತೆ ಕೂಗು, ಈ ಸಲ ಸಿಡುಕಿನಿಂದ.

“ಯಕ್ಕಾ, ಜಲ್ದಿ ತಾ. ಮಂದಿ ಕುಂತಾರ.”

“ಬಂದೆ ತಮ್ಮಾ” ಎಂದು ಬರಿಗಾಲಲ್ಲೇ ಒಳಗೆ ಹೋದರು.

ಸ್ಟೀಲಿನ ತಂಬಿಗೆ ಬಿದ್ದ ಸದ್ದು. ಆಮೇಲೆ ತಮ್ಮನ ಹೆಂಡತಿ ಕಿರುಚಿದ್ದು. ನಾನು ಗೋಡೆ ಹಾರಿ ಓಡಿದೆ. ಅಕ್ಕಾರ ಕೈ ಫ್ರಿಜ್ಜಿನ ಹಿಡಿಕೆಗೆ ಅಂಟಿಕೊಂಡಿತ್ತು, ಮೈ ನೀರಿನಲ್ಲಿತ್ತು. ಯಾರೋ ಮೇನ್ ಸ್ವಿಚ್ ತೆಗೆದರು. ಹೊಸ್ತಿಲಲ್ಲಿ ನಿಂತಿದ್ದ ತಮ್ಮ, “ಮುಟ್ಟಬ್ಯಾಡ್ರಿ, ಯಾರೂ ಮುಟ್ಟಬ್ಯಾಡ್ರಿ” ಎಂದು ಕೂಗುತ್ತಲೇ ಇದ್ದ. ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಒಯ್ದರು. ಅಲ್ಲಿ ಮಾಡುವಂಥದ್ದು ಏನೂ ಉಳಿದಿರಲಿಲ್ಲ.

ಮರುದಿನ ಅವರನ್ನು ಮನೆಯ ಮುಂದಿನ ಕಟ್ಟೆಯ ಮೇಲೆ ಕುಂಡ್ರಿಸಿ, ವಿಭೂತಿ ಹಚ್ಚಿ, ಹೂ ಹಾಕಿದ್ದರು. ಬಂದವರಿಗೆಲ್ಲ ತಮ್ಮ ಒಂದೇ ಮಾತು ಹೇಳುತ್ತಿದ್ದ. “ಆ ನಾಯಿ ಚಪ್ಪಲಿ ಒಯ್ತರಿ. ನಾಯಿನ ನಮ್ಮಕ್ಕನ್ನ ತಿಂತು.” ಕೇಳಿದವರು ಅಯ್ಯೋ ಎನ್ನುತ್ತಿದ್ದರು, ಮುಂದಿನವರಿಗೆ ಅದನ್ನೇ ಹೇಳುತ್ತಿದ್ದರು. ಮಧ್ಯಾಹ್ನದೊಳಗೆ ಓಣಿಯೆಲ್ಲ ನಾಯಿಯೇ ಕೊಂದದ್ದು ಎಂದು ಖಾತ್ರಿಯಾಗಿತ್ತು. ವೈರ್‌ಮನ್ ಚಾಚಾ ಬಂದವನು ಕೈ ಮುಗಿದು ನಿಂತು, “ನಾ ಹೇಳಿದ್ನೆಲ್ರಿ ಸಾವಕಾರ...” ಎಂದು ಬಾಯಿ ತೆಗೆದ. “ಇದು ಮಾತಾಡೂ ಹೊತ್ತೇನು ಚಾಚಾ?” ಎಂದ ತಮ್ಮ. 

ನನಗೆ ತಡೆಯಲಾಗಲಿಲ್ಲ. “ನಾಯಿ ಅಲ್ಲ. ಗುಂಡಿ ತೋಡಿಟ್ಟು ಎಷ್ಟು ದಿನಾ ಆಗಿತ್ತು?” ಎಂದು ಎಲ್ಲರಿಗೂ ಕೇಳುವಂತೆ ಅಂದೆ. ನಮ್ಮ ಅತ್ತೆ ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದರು. “ಸತ್ತವರ ಮುಂದ ಜಗಳೇನು? ನಾಳೆ ಅವರ ಮಗ್ಗಲದಾಗ ಬಾಳೇ ಮಾಡಬೇಕು ನಾವು” ಎಂದರು. ಕಿಟಕಿಯಿಂದ ನೋಡುತ್ತ ನಿಂತೆ.

ಸಾವಿನ ಮನೆಗೆ ಬಂದವರ ಚಪ್ಪಲಿಗಳು ರಸ್ತೆಯ ತುಂಬ ಬಿದ್ದಿದ್ದವು. ಕಳ್ಳ್ಯಾ ಎಲ್ಲಿಂದಲೋ ಬಂತು. ಒಂದು ಹವಾಯಿ ಚಪ್ಪಲಿ ಆರಿಸಿ ಕಚ್ಚಿಕೊಂಡು, ಜನರ ಕಾಲುಗಳ ನಡುವೆ ನುಸುಳಿ, ಕಟ್ಟೆಯ ಮೇಲೆ ಅಕ್ಕಾರ ಮುಂದೆ ಇಟ್ಟಿತು. ಇಟ್ಟು, ಬಾಲ ಅಲ್ಲಾಡಿಸುತ್ತ ಮುಖ ನೋಡಿತು. ಮತ್ತೆ ಹೋಗಿ ಇನ್ನೊಂದು ತಂತು. ಹಿಂದೆ ನಿಂತಿದ್ದ ಯಾರೋ ನಗು ತಡೆಯಲಾರದೆ ಕಿಸಕ್ಕೆಂದರು. ತಮ್ಮ ಎದ್ದು ಬಂದು ಅದರ ಹೊಟ್ಟೆಗೆ ಒದ್ದ. ಕುಂಯ್ ಎಂದು ದೂರ ಹೋಗಿ ಕುಳಿತಿತು. ಮಣ್ಣಿಗೆ ಒಯ್ಯುವವರೆಗೂ ಅಲ್ಲಿಂದ ಕದಲಲಿಲ್ಲ.

ಎರಡು ದಿನ ಬಿಟ್ಟು ಅದನ್ನು ಗೋಣಿಚೀಲದಲ್ಲಿ ಕಟ್ಟಿ ಟಂಟಂ ಗಾಡಿಯಲ್ಲಿ ಹಾಕಿಕೊಂಡು ಮುಂಡರಗಿಯ ಆಚೆ ಎಲ್ಲೋ ಬಿಟ್ಟುಬಂದರು. ಕೆಲವು ದಿನ ಬೆಳಿಗ್ಗೆ ನಾನು ಕಟ್ಟೆ ನೋಡುತ್ತಿದ್ದೆ. ತಿರುಗಿ ಬರಲಿಲ್ಲ.

ಅದೇ ವಾರ ಚಾಚಾನನ್ನು ಕರೆಸಿದರು. ಅಕ್ಕಾರು ತೋಡಿದ ಗುಂಡಿಯಲ್ಲೇ ಇದ್ದಿಲು, ಉಪ್ಪು ತುಂಬಿ ಅರ್ಥಿಂಗ್ ಮುಗಿಸಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸವಾಗಿತ್ತು. ಅಷ್ಟೇ ಕೆಲಸ ಅದು. ಒಂದು ಟೈಲ್ಸೂ ಒಡೆಯಲಿಲ್ಲ. ಚಾಚಾ ಗುಂಡಿಯ ತಳದಿಂದ ಮಣ್ಣು ಮೆತ್ತಿದ ಒಂದು ನೀಲಿ ಚಪ್ಪಲಿ ತೆಗೆದು ಗೋಡೆಯ ಮೇಲಿಟ್ಟ. ನನ್ನನ್ನು ನೋಡಿದ. 

ಮೊನ್ನೆ ಲಕ್ಷ್ಮೇಶ್ವರದಲ್ಲಿ ಸಂಬಂಧಿಕರ ಮದುವೆ. ಊಟದ ಸಾಲಿನಲ್ಲಿ ನನ್ನ ಎದುರಿಗೇ ಆ ತಮ್ಮ ಕುಳಿತಿದ್ದ, ತಲೆ ಪೂರ್ತಿ ಬೆಳ್ಳಗಾಗಿದೆ. ಬಗಲಲ್ಲಿ ಮೊಮ್ಮಗಳು. ಮಂಟಪದ ಬಾಗಿಲಿಗೆ ಒಂದು ಮರಿ ನಾಯಿ ಬಂದು ನಿಂತಿತ್ತು. ಹುಡುಗಿ ಹೋಳಿಗೆ ಮುರಿದುಕೊಂಡು ಏಳಲು ಹೋದಳು.

“ಬ್ಯಾಡವಾ, ಕುಂಡ್ರು. ನಮ್ಮ ಮನಿಗೆ ನಾಯಿ ಆಗಿ ಬರೂದಿಲ್ಲ” ಎಂದ. ಪಕ್ಕದಲ್ಲಿದ್ದವರಿಗೆ ತಾನಾಗಿಯೇ ವಿವರಿಸಿದ, “ನಮ್ಮಕ್ಕ ನಾಯಿಂದನ ಹೋದ್ಲರಿ.” ಅವರು ಲೊಚಗುಟ್ಟಿದರು.

ಹುಡುಗಿ ಅವನನ್ನು ಕೇಳಿದಳು, “ನಾಯಿ ಕಡದಿತ್ತೇನಜ್ಜಾ?” ಅವನು ಸಾರನ್ನಕ್ಕೆ ಕೈ ಹಾಕಿದ.

ನಾನೇ ಹೇಳಿದೆ. “ಇಲ್ಲವಾ, ನಾಯಿ ಏನೂ ಮಾಡಿದ್ದಿಲ್ಲ. ಫ್ರಿಜ್ಜಿನಾಗ ಕರಂಟ್ ಬರತಿತ್ತು. ರಿಪೇರಿ ಮಾಡಸ್ರಿ ಅಂತ ಆ ಅಜ್ಜಿ ಭಾಳ ಸಲ ಹೇಳಿದ್ರು. ಯಾರೂ ಮಾಡಸಲಿಲ್ಲ.”

 ಅವನು ಬಡಿಸುವವನನ್ನು ಕರೆದು, “ಇಲ್ಲಿ ಇವರಿಗೆ ಅನ್ನ ಹಾಕಪಾ” ಎಂದ. ನನ್ನತ್ತ ತಿರುಗಿ ಕೇಳಿದ, “ಮನ್ಯಾಗ ಎಲ್ಲಾರೂ ಅರಾಮ ಅದಾರೇನ್ರಿ?”

“ಅರಾಮ ಅದಾರ್ರಿ” ಎಂದೆ. 

ಅವರ ಮನೆಯಲ್ಲಿ ನಾಯಿಯ ಕತೆ ಉಳಿದಿದೆ. ಅಕ್ಕಾರು ಉಳಿದಿಲ್ಲ. ಕೈ ತೊಳೆಯುವಲ್ಲಿ ಆ ಹುಡುಗಿ ನನ್ನ ಸೆರಗು ಜಗ್ಗಿ ಮೆಲ್ಲಗೆ ಕೇಳಿದಳು, “ಆ ಅಜ್ಜಿ ಹೆಸರೇನ್ರಿ?”

ಹೇಳಿದೆ. ಅವಳು ಅದನ್ನು ಮೊದಲ ಸಲ ಕೇಳುತ್ತಿದ್ದಳು.