ಗಾಜಿನ ಟ್ರೇಯ ನಾಲ್ಕು ಮೂಲೆಗಳು

ಗೆಣಸನ್ನು ನೀರಿನಲ್ಲಿ ಬೇಯಿಸಬಾರದು, ಸಿಪ್ಪೆ ಸಮೇತ ಸುಡಬೇಕು. ಇದು ನನಗೆ ಗೊತ್ತಾದದ್ದು ಹೋದ ಡಿಸೆಂಬರಿನಲ್ಲಿ, ಹೇಳಿಕೊಡಬೇಕಾದವರು ಹೋಗಿ ಹತ್ತು ತಿಂಗಳಾದ ಮೇಲೆ.

ನನ್ನ ಗಂಡ ಅಬುಧಾಬಿಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ನವೆಂಬರ್ ಮುಗಿಯುತ್ತಿದ್ದಂತೆ ಅಲ್ಲಿ ವಿದೇಶಿ ಅತಿಥಿಗಳ ಹಬ್ಬದೂಟಗಳು ಶುರುವಾಗುತ್ತಿದ್ದವು. ಕೋಳಿಯ ಪಕ್ಕದಲ್ಲಿಡಲು ಗೆಣಸು ಮತ್ತು ಹಣ್ಣುಗಳನ್ನು ಪದರ ಪದರವಾಗಿ ಜೋಡಿಸಿ, ಬೆಣ್ಣೆ ಹಾಕಿ, ಓವನ್ನಿನಲ್ಲಿಟ್ಟು ತೆಗೆಯುತ್ತಿದ್ದರಂತೆ. ಅದರ ಹೆಸರು ಕ್ಯಾಸರೋಲ್ ಎಂದು ಇವರು ಮೊದಲ ಸಲ ಹೇಳಿದಾಗ ನಾನು ನಕ್ಕಿದ್ದೆ. ನಮಗೆ ಕ್ಯಾಸರೋಲ್ ಎಂದರೆ ಚಪಾತಿ ಬಿಸಿಯಾಗಿಡುವ ಡಬ್ಬಿ. ಹಾಗಾಗಿ ನಮ್ಮ ಮನೆಯಲ್ಲಿ ಅದು ‘ಗೆಣಸಿನ ಟ್ರೇ’ ಆಯಿತು.

ದಿನಾ ಮುನ್ನೂರು ಜನಕ್ಕೆ ಬೇಯಿಸಿ ಬರುವ ಮನುಷ್ಯ ಮನೆಯಲ್ಲಿ ಒಂದು ಲೋಟ ಚಹಾ ಕೂಡ ಮಾಡುತ್ತಿರಲಿಲ್ಲ. ಆದರೆ ಕ್ರಿಸ್ಮಸ್ಸಿನ ಹಿಂದಿನ ದಿನ ಮಧ್ಯಾಹ್ನ ನನ್ನನ್ನೂ ಮಗಳನ್ನೂ ಅಡುಗೆಮನೆಯಿಂದ ಹೊರಗೆ ಹಾಕಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ಈಜಿಪ್ಟಿನ ಕೇಸರಿ ಗೆಣಸು, ಅನಾನಸು, ಸೇಬು, ಕಿತ್ತಳೆ, ಬೀಜ ತೆಗೆದ ಖರ್ಜೂರ, ಒಂದಿಷ್ಟು ಬೆಲ್ಲ. ಸಾಮಾನು ತರುತ್ತಿದ್ದವಳು ನಾನೇ ಆದ್ದರಿಂದ ಇಷ್ಟು ಗೊತ್ತಿತ್ತು. ಒಳಗೆ ಏನು ನಡೆಯುತ್ತಿತ್ತೋ ಗೊತ್ತಿರಲಿಲ್ಲ. ಎರಡು ಟ್ರೇ ಆಗುತ್ತಿತ್ತು. ಅಲ್ಯೂಮಿನಿಯಂ ಟ್ರೇ ನಮಗೆ. ಮೂಲೆಯಲ್ಲಿ ಸ್ವಲ್ಪ ಒಡೆದಿದ್ದರೂ ನಮ್ಮಲ್ಲಿದ್ದುದರಲ್ಲಿ ಒಳ್ಳೆಯದಾದ ಗಾಜಿನ ಟ್ರೇ ಕೆಳಗಿನ ಮಹಡಿಯ ಭಾಭಿಯ ಮನೆಗೆ. ಟ್ರೇಯ ಮೂಲೆಗಳಲ್ಲಿ ಬೆಲ್ಲ ಕರಗಿ, ಅಂಟಿ, ಕಪ್ಪಾಗುತ್ತಿತ್ತು. ಆ ಮೂಲೆಗಳೆಂದರೆ ಮಗಳಿಗೆ ಪ್ರಾಣ. ನಾಲ್ಕರಲ್ಲಿ ಮೂರು ಅವಳಿಗೆ, ಒಂದು ನನಗೆ.

“ನಿಮಗೆ?” ಎಂದು ನಾನು ಕೇಳಿದರೆ, “ನಾನು ನಡುವಿನವನು ಮಾರಾಯ್ತಿ” ಎನ್ನುತ್ತಾ ನಡುವಿನ ತುಂಡು ಹಾಕಿಕೊಳ್ಳುತ್ತಿದ್ದರು.

ಭಾಭಿ ಭಟ್ಕಳದವರು. ಅವರ ಯಜಮಾನರದ್ದು ಇಲ್ಲೇ ಖಾಲಿದಿಯಾದಲ್ಲಿ ಮಸಾಲೆ ಸಾಮಾನಿನ ಅಂಗಡಿ. ಅವರ ಮನೆಯಲ್ಲಿ ನವಾಯತಿ, ನಮ್ಮ ಮನೆಯಲ್ಲಿ ಕೊಂಕಣಿ. ಇಬ್ಬರೂ ಮೆಟ್ಟಿಲ ಹತ್ತಿರ ಸಿಕ್ಕರೆ ಕನ್ನಡ. ನನಗೆ ಅವರು ಭಾಭಿ, ಅವರು ನನ್ನನ್ನು ಕರೆಯುವುದು ‘ಬಾಯಿ’ ಎಂದು. ಹದಿನಾಲ್ಕು ವರ್ಷಗಳಿಂದ ಕ್ರಿಸ್ಮಸ್ಸಿಗೆ ಟ್ರೇ ಇಳಿಯುತ್ತಿತ್ತು. ಕೆಲವು ವಾರವೋ ತಿಂಗಳೋ ಕಳೆದ ಮೇಲೆ ಅದೇ ಟ್ರೇಯಲ್ಲಿ ಬಿರಿಯಾನಿಯೋ, ಈದಿನ ಶ್ಯಾವಿಗೆ ಪಾಯಸ ಶೀರ್ ಖುರ್ಮದ ಬಟ್ಟಲುಗಳೋ ಹತ್ತಿ ಬರುತ್ತಿದ್ದವು. ಖಾಲಿ ಪಾತ್ರೆ ಹಿಂದಿರುಗಿಸುವ ರೂಢಿ ಅವರಿಗೂ ಇರಲಿಲ್ಲ, ನಮಗೂ ಇರಲಿಲ್ಲ.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಇವರು ಡ್ಯೂಟಿಗೆ ಹೋದವರು ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಕುಸಿದರು. ಆಸ್ಪತ್ರೆಯ ರಿಜಿಸ್ಟ್ರೇಶನ್ ಕೌಂಟರಿನಲ್ಲಿ ಕೂತು ದಿನಾ ಬೇರೆಯವರ ಹೆಸರು ಬರೆದುಕೊಳ್ಳುವ ನಾನು ಅಂದು ಗಂಡನ ಹೆಸರು ಬರೆದೆ. ಊರಿನಲ್ಲಿ ಮಣ್ಣು ಮಾಡಿ, ಇಗರ್ಜಿಯಲ್ಲಿ ತಿಂಗಳ ಪೂಜೆ ಮುಗಿಸಿ, ನಾನೂ ಮಗಳೂ ವಾಪಸು ಬಂದೆವು. ನನಗೆ ನನ್ನ ಕೆಲಸವಿತ್ತು, ಅವಳಿಗೆ ಅವಳದು. ದುಬೈಯ ಜೆಬೆಲ್ ಅಲಿಯಲ್ಲಿ ಒಂದು ಗೋದಾಮಿನ ಆಫೀಸಿನಲ್ಲಿ ಅವಳಿಗೆ ಕಾಗದಪತ್ರದ ಕೆಲಸ. ಅಲ್ಲೇ ದೇರಾದಲ್ಲಿ ಇಬ್ಬರು ಹುಡುಗಿಯರ ಜೊತೆ ಒಂದು ಕೋಣೆ.

ಅಲ್ಲಿಂದೀಚೆಗೆ ಅವಳು ನಮ್ಮ ಮೇಜಿನ ಮುಂದೆ ಕೂತು ಊಟ ಮಾಡಿರಲಿಲ್ಲ. ಬರುತ್ತಿದ್ದಳು, ನನ್ನ ಔಷಧಿ, ಕರೆಂಟಿನ ಕಾಗದ, ಫೋನು ಎಲ್ಲ ನೋಡಿಕೊಡುತ್ತಿದ್ದಳು. ನಾನು ತಟ್ಟೆ ಇಡುವ ಹೊತ್ತಿಗೆ ಚಪ್ಪಲಿ ಮೆಟ್ಟುತ್ತಿದ್ದಳು. “ನಾಟ್ ಹಂಗ್ರಿ, ಮಮ್ಮಿ.” ಹತ್ತು ತಿಂಗಳು ಅದೇ ಮಾತು. ಗಂಡ ಹೋದದ್ದನ್ನು ನಾನು ಹೇಗೋ ಎದುರಿಸುತ್ತಿದ್ದೆ. ಇವಳೂ ಹೀಗೆ ಸ್ವಲ್ಪ ಸ್ವಲ್ಪವಾಗಿ ಹೋಗಿಬಿಡುತ್ತಾಳೋ ಎಂಬ ಹೆದರಿಕೆಯೇ ನನ್ನನ್ನು ತಿನ್ನುತ್ತಿತ್ತು.

ಡಿಸೆಂಬರಿನಲ್ಲಿ ಅವಳೇ ಫೋನು ಮಾಡಿದಳು.

“ಕ್ರಿಸ್ಮಸ್ಸಿಗೆ ಲೀವ್ ಹಾಕಿದ್ದೇನೆ. ಡ್ಯಾಡಿಯ ಟ್ರೇ ಮಾಡ್ತೀಯಲ್ಲ?”

“ಈ ವರ್ಷ ಹೇಗೆ ಮಾಡೋದು ಮಗಾ? ಮೊದಲ ವರ್ಷ ಅಲ್ವಾ?”

ಸಾವಾದ ಮನೆಯಲ್ಲಿ ಒಂದು ವರ್ಷ ಹಬ್ಬದ ಸಿಹಿ ಮಾಡುವುದಿಲ್ಲ. ಕ್ರಿಸ್ಮಸ್ಸಿನ ನೆವ್ರಿ, ಕಿಡಿಯೊ ಯಾವುದೂ ಇಲ್ಲ. ನಮ್ಮ ಅತ್ತೆ ಇದನ್ನು ಕಟ್ಟುನಿಟ್ಟಾಗಿ ಪಾಲಿಸಿದವರು. ಅವರ ಮಗನಿಗಾಗಿ ನಾನು ಪಾಲಿಸದೆ ಇರುವುದು ಹೇಗೆ?

“ಅದು ಸ್ವೀಟ್ ಅಲ್ಲ, ಸೈಡ್ ಡಿಶ್.”

“ಬೆಲ್ಲ ಹಾಕಿದ್ದು ಸೈಡಿಗೆ ಇಟ್ಟರೂ ಸಿಹಿಯೇ.”

“ಓಕೆ ಮಮ್ಮಿ. ದೆನ್ ಐ ವೋಂಟ್ ಕಮ್. ಡ್ಯೂಟಿ ತಗೊಳ್ತೇನೆ.” ಕೂಗಿ ಹೇಳಲಿಲ್ಲ. ಕೂಗಿದ್ದರೆ ನಾನೂ ಎರಡು ಮಾತಾಡುತ್ತಿದ್ದೆ. ಫೋನು ಇಟ್ಟಳು.

ಇನ್ನು ಹೇಳುವುದನ್ನು ನಾನು ಪಾದ್ರಿಯವರಿಗೂ ಹೇಳಿಲ್ಲ. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಕೆಲಸ ಮುಗಿಸಿ ಬರುತ್ತಾ ಎರಡು ಕಿಲೋ ಗೆಣಸು, ಒಂದು ಅನಾನಸು ತಂದೆ. ಯಾರೂ ಇಲ್ಲದ ಮನೆಯಲ್ಲಿ ಬಾಗಿಲು ಹಾಕಿಕೊಂಡೆ, ಇವರ ಹಾಗೆಯೇ. ಆದರೆ ನನಗೆ ಗೆಣಸಿನಲ್ಲಿ ಗೊತ್ತಿದ್ದದ್ದು ಒಂದೇ ಕೆಲಸ. ನನ್ನ ಅಮ್ಮ ಸಂಜೆಯ ಚಹಾಕ್ಕೆ ಮಾಡುತ್ತಿದ್ದಂತೆ ತುಂಡು ಮಾಡಿ, ಉಪ್ಪು ಹಾಕಿದ ನೀರಿನಲ್ಲಿ ಬೇಯಿಸುವುದು. ಕೈ ತಾನಾಗಿ ಉಪ್ಪಿನ ಡಬ್ಬಿಗೆ ಹೋಯಿತು. ಊರಿನ ಬಿಳಿ ಗೆಣಸು ಅದಕ್ಕೆ ನಿಲ್ಲುತ್ತದೆ, ಈಜಿಪ್ಟಿನದು ನಿಲ್ಲಲಿಲ್ಲ. ಪಾತ್ರೆಯ ಮುಚ್ಚಳ ತೆಗೆದರೆ ಉಪ್ಪುಪ್ಪಾದ ಕೇಸರಿ ಗಂಜಿ. ಪದರ ಎಲ್ಲಿಂದ ಜೋಡಿಸಲಿ? ಮಾಡಬಾರದ್ದನ್ನು ಮಾಡಲು ಹೋದೆ, ಮಾಡಲಿಕ್ಕೂ ಬರಲಿಲ್ಲ. ಅದನ್ನು ಬಿಸಾಡಲು ಮನಸ್ಸಾಗದೆ ಎರಡು ದಿನ ನಾನೇ ತಿಂದೆ.

ಇಪ್ಪತ್ತನಾಲ್ಕರ ಸಂಜೆ ಬೆಲ್ ಆಯಿತು. ಬಾಗಿಲು ತೆರೆದರೆ ಭಾಭಿ. ಮಂಡಿನೋವಿದ್ದರೂ ಮೆಟ್ಟಿಲು ಹತ್ತಿಯೇ ಬಂದಿದ್ದರು, ಉಸಿರು ಬಿಡುತ್ತಿದ್ದರು. ಕೈಯಲ್ಲಿ ದಪ್ಪ ಟವೆಲಿನಲ್ಲಿ ಸುತ್ತಿದ ಬಿಸಿ ಟ್ರೇ. ಟವೆಲಿನ ಸಂದಿಯಿಂದ ಒಡೆದ ಮೂಲೆ ಕಂಡಿತು.

“ಹಿಡೀರಿ ಬಾಯಿ, ಹಿಡೀರಿ. ಕೈ ಸುಡ್ತದೆ. ನಿಮ್ಮ ಟ್ರೇ ಒಂದು ವರ್ಷ ನನ್ನ ಹತ್ರಾನೇ ಇತ್ತು ನೋಡಿ.”

ಅದು ಕೆಳಗೆ ಉಳಿದದ್ದು ನನಗೆ ಗೊತ್ತಿತ್ತು. ಕೇಳಲು ಬಾಯಿ ಬಂದಿರಲಿಲ್ಲ.

“ರಂಜಾನಿಗೆ ತುಂಬಿಸಿ ಕೊಡುವಾ ಅಂತಿದ್ದೆ. ಅಷ್ಟರಲ್ಲಿ ಹೀಗಾಯ್ತು. ಆಮೇಲೆ ಖಾಲಿ ಹೇಗೆ ತರೋದು? ತುಂಬಿಸಿದ್ರೂ ಏನು ತುಂಬಿಸೋದು?” ಕುರ್ಚಿಯಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. “ನಿಮ್ಮಲ್ಲಿ ಒಂದು ವರ್ಷ ಸಿಹಿ ಮಾಡೋದಿಲ್ಲ ಅಂತ ನೀವೇ ಹೇಳಿದ್ರಿ. ಯಾರಾದ್ರೂ ಕೊಟ್ರೆ ತಿನ್ನಬಹುದಲ್ಲ?”

ಕೊಟ್ಟದ್ದನ್ನು ತಿನ್ನಬಹುದು. ಸಾವಾದ ಮನೆಗೆ ನೆರೆಯವರು ಹಬ್ಬದ ತಟ್ಟೆ ಕಳಿಸುವುದೂ ನಮ್ಮದೇ ರೂಢಿ. ಈ ಪರದೇಶದ ಬಿಲ್ಡಿಂಗಿನಲ್ಲಿ ಅದನ್ನು ನನಗೆ ನೆನಪಿಸುವವರು ಇರುತ್ತಾರೆಂದು ನಾನು ಎಣಿಸಿರಲಿಲ್ಲ.

“ನಿಮಗೆ ಮಾಡಲು ಹೇಗೆ ಗೊತ್ತು, ಭಾಭಿ?”

“ಹದಿನಾಲ್ಕು ವರ್ಷ ತಿಂದ ನಾಲಿಗೆ. ಮತ್ತೆ ನಮ್ಮವರಿಗೆ ಸ್ವಲ್ಪ ಗೊತ್ತಿತ್ತು. ಪ್ರತೀ ಡಿಸೆಂಬರಿಗೆ ನಿಮ್ಮವರು ಅಂಗಡಿಗೆ ಬಂದು ಎರಡು ಲೂಮಿ ತಗೊಂಡು ಹೋಗ್ತಿದ್ರಂತೆ.”

ಲೂಮಿ ಎಂದರೆ ಕಪ್ಪಗೆ ಒಣಗಿದ ನಿಂಬೆಕಾಯಿ. ಅರಬರು ಮೀನಿನ ಸಾರಿಗೆ ಹಾಕುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಅದನ್ನು ನಾನು ಯಾವತ್ತೂ ಕಂಡಿರಲಿಲ್ಲ.

“ಗೆಣಸು ಸಿಪ್ಪೆ ಸಮೇತ ಸುಡಬೇಕು, ಲೂಮಿ ಪುಡಿ ಮಾಡಿ ಉದುರಿಸಬೇಕು ಅಂತ ನಮ್ಮವರ ಹತ್ರ ಹೇಳಿದ್ರಂತೆ. ಮನೇಲಿ ಹೇಳ್ಬೇಡಿ ಅಂತ ಕೂಡ ಹೇಳಿದ್ರಂತೆ. ಹೇಳಿದ್ರೆ ಅವಳೇ ಮಾಡ್ತಾಳೆ, ಮತ್ತೆ ಮನೆಯಲ್ಲಿ ನನಗೆ ಇರೋ ಒಂದು ಕೆಲಸವೂ ಖಲಾಸ್ ಅಂತ.”

ಭಾಭಿ ನಗುತ್ತಾ ಹೇಳಿದರು. ನಾನೂ ನಗಲು ಹೋದೆ. ಆಮೇಲೆ ಅವರು ನನ್ನ ಬೆನ್ನ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತಿದ್ದರು. ಚಹಾ ಮಾಡಲು ಕೂಡ ನನ್ನನ್ನು ಏಳಗೊಡಲಿಲ್ಲ.

ಅವರು ಇಳಿದು ಹೋದ ಮೇಲೆ ಮಗಳಿಗೆ ಫೋನು ಮಾಡಿದೆ. “ಟ್ರೇ ಬಂದಿದೆ.”

“ನೀನು ಮಾಡಿದ್ಯಾ?”

“ಇಲ್ಲ. ಕೆಳಗಿನ ಆಂಟಿ.”

“ಡ್ಯೂಟಿ ಇದೆ ಮಮ್ಮಿ, ನೋಡ್ತೇನೆ” ಎಂದಳು.

ಇಪ್ಪತ್ತೈದರ ಬೆಳಿಗ್ಗೆ ಇಗರ್ಜಿಗೆ ಹೋಗಿ ಬಂದು ಅನ್ನ, ಕೋಳಿಸಾರು ಮಾಡಿದೆ. ಟ್ರೇಯನ್ನು ಮುಟ್ಟಲಿಲ್ಲ. ಹನ್ನೆರಡಾಯಿತು, ಒಂದಾಯಿತು. ಒಂದು ತಟ್ಟೆ ಇಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದನ್ನೂ ಇಟ್ಟೆ. ಎರಡೂವರೆಗೆ ಬೀಗದಲ್ಲಿ ಕೀಲಿ ತಿರುಗಿತು. ಆಫೀಸಿನ ಕಾರ್ಡು ಇನ್ನೂ ಮಗಳ ಕೊರಳಲ್ಲೇ ಇತ್ತು. ಅರ್ಧ ದಿನ ಬದಲಿ ಮಾಡಿಕೊಂಡು ನೇರ ಬಸ್ಸು ಹತ್ತಿದ್ದಳು. ಬಾಗಿಲ ಬಳಿ ನಿಂತು ಟ್ರೇಯನ್ನು ನೋಡಿದಳು. ನಾನು ಅವಳ ಕಾಲನ್ನೇ ನೋಡುತ್ತಿದ್ದೆ. ಚಪ್ಪಲಿ ಬಿಟ್ಟಳು.

ಕೂತಳು. ನಾನು ಮೊದಲು ಒಂದು ಮೂಲೆ ಕತ್ತರಿಸಿ ಬಡಿಸಿದೆ. ತಿಂದಳು.

“ಡ್ಯಾಡಿಯದ್ದಲ್ಲ.”

“ಅಲ್ಲ.”

“ಏಲಕ್ಕಿ ಹಾಕಿದ್ದಾರೆ. ಟೂ ಮಚ್.” ಇನ್ನೊಂದು ಚಮಚ. ಚಮಚ ಬಾಯಲ್ಲೇ ನಿಂತಿತು. “ಆ ಹುಳಿ. ಮಮ್ಮಿ, ಆ ಹುಳಿ ಮಾತ್ರ ಡ್ಯಾಡಿಯದ್ದೇ. ಏನದು?”

ಲೂಮಿಯ ಸಂಗತಿ ಹೇಳಿದೆ. ಅಂಗಡಿಯವರಿಗೆ ಹೇಳಿದ ಮಾತನ್ನೂ ಹೇಳಿದೆ. ಅವಳು ತಟ್ಟೆಯತ್ತ ಬಾಗಿ ಅಳುತ್ತಾ ಅಗಿಯುತ್ತಿದ್ದಳು. ನುಂಗಲು ಕಷ್ಟಪಡುತ್ತಿದ್ದಳು, ಆದರೆ ನಿಲ್ಲಿಸಲಿಲ್ಲ. ಎರಡನೆಯ ಮೂಲೆ ಬಡಿಸಿದೆ, ಮೂರನೆಯದನ್ನೂ. ನಾಲ್ಕನೆಯದು ನನ್ನದು. ಅದನ್ನು ತಿನ್ನುವಾಗ ಹುಳಿ ನನಗೂ ಸಿಕ್ಕಿತು. ಇಷ್ಟು ವರ್ಷ ಅದನ್ನು ಅನಾನಸಿನದು ಎಂದುಕೊಂಡಿದ್ದೆ.

“ನಮಗೆ ಯಾಕೆ ಹೇಳ್ಲಿಲ್ಲ ಡ್ಯಾಡಿ?”

“ನಾವು ಕೇಳ್ಲಿಲ್ಲ ಮಗಾ. ಬಾಗಿಲು ಹಾಕಿದ್ರು, ನಾವು ಟಿವಿ ನೋಡ್ತಾ ಕೂತೆವು.”

ಸಂಜೆ ಉಳಿದದ್ದನ್ನು ಡಬ್ಬಿಗೆ ಹಾಕಿ ಅವಳೇ ಟ್ರೇ ತೊಳೆದಳು. ಒಡೆದ ಮೂಲೆಗೆ ಬೆರಳು ತಾಗದಂತೆ ನಿಧಾನವಾಗಿ ಒರೆಸಿ, “ಇದನ್ನು ಯಾವಾಗ ಕೆಳಗೆ ಕೊಡೋದು?” ಎಂದು ಕೇಳಿದಳು.

“ಫೆಬ್ರವರಿಗೆ ವರ್ಷ ಆಗ್ತದೆ. ಪೂಜೆ ಆದ ಮೇಲೆ.”

“ಆಗ ಗೆಣಸು ಸಿಗ್ತದಾ?”

“ಸಿಗ್ತದೆ.”

“ಲೀವ್ ಹಾಕ್ತೇನೆ” ಎಂದು ಟ್ರೇಯನ್ನು ಕಪಾಟಿನ ಮೇಲಿನ ಹಲಗೆಯಲ್ಲಿಟ್ಟಳು. ನಡುವಿನ ತುಂಡೊಂದನ್ನು ಅವಳು ಮೊದಲೇ ತೆಗೆದು ಒಂದು ತಟ್ಟೆಗೆ ಹಾಕಿ ಮುಚ್ಚಿಟ್ಟಿದ್ದಳು. ಅದು ಯಾರಿಗೆಂದು ನಾನು ಕೇಳಲಿಲ್ಲ. ಅವಳು ದೇರಾಕ್ಕೆ ಹೊರಟ ಮೇಲೂ ಅದು ಮೇಜಿನ ಮೇಲೇ ಇತ್ತು.