ಮೂರು ಮೊಳ ಹೆಚ್ಚು ತೋಡಿದ ಹುಲೆಪ್ಪ

ದುಧನಿಯಿಂದ ನಾಲ್ಕು ಮೈಲಿ ಆಚೆ, ತೊಗರಿ ಹೊಲದ ನಡುವಿನ ಹಳೇ ಬಾವಿಯೊಳಗೆ ಇನ್ನೂ ಬೆಳಕು ಇಳಿದಿಲ್ಲ. ಹುಲೆಪ್ಪ ಇಳಿದಾಗಿದೆ. ಮೇಲೆ ಗಡಗಡಿ ಕಿರುಗುಟ್ಟುತ್ತದೆ. ಹೂಳು ತುಂಬಿದ ಬುಟ್ಟಿ ತೊಟ್ಟಿಕ್ಕುತ್ತ ಏರುತ್ತದೆ, ಖಾಲಿ ಬುಟ್ಟಿ ಇಳಿಯುತ್ತದೆ. ನೂರು ಬುಟ್ಟಿ ಏರಿದ ಮೇಲೆ ಕಲ್ಲಿನ ಸಂದಿಯಿಂದ ಬೆರಳು ಗಾತ್ರದ ಸೆಲೆಯೊಂದು ಒಡೆಯುತ್ತದೆ. ಹೊಲದ ಒಡೆಯ ಶಾಂತಪ್ಪ ಬಗ್ಗಿ ಕೂಗುತ್ತಾರೆ: "ಹುಲೆಪ್ಪಣ್ಣಾ, ನೀರು ಎಷ್ಟದಪಾ?"

ಹುಲೆಪ್ಪ ಬೊಗಸೆಯಲ್ಲಿ ನೀರು ಹಿಡಿದು, ಕಣ್ಣು ಮುಚ್ಚಿ, ಬಾಯಲ್ಲಿ ಆಡಿಸಿ ನುಂಗುತ್ತಾರೆ. ಆಮೇಲೆ ಕೆಳಗಿನಿಂದ ದನಿ ಬರುತ್ತದೆ: "ಎಷ್ಟದ ಅಂತ ಆಮ್ಯಾಲ ಹೇಳ್ತೀನಿ. ಸೀ ಅದ."

ಈ ಸೀಮೆಯಲ್ಲಿ ನೀರು ಕಂಡರೆ ಸಾಕು, ರುಚಿ ಕೇಳುವವರಾರು? ಹುಲೆಪ್ಪನವರಿಗೆ ಈ ಚಟ ಹತ್ತಿದ್ದು ಇಲ್ಲಿಂದ ಐದಾರು ದಿನದ ದಾರಿಯಾಚೆ, ನಾಲ್ಕೂ ಕಡೆ ಸಮುದ್ರವಿರುವ ಒಂದು ನಡುಗಡ್ಡೆಯಲ್ಲಿ.

ವಯಸ್ಸು ಅರವತ್ಮೂರು. ಹದಿನಾರರಲ್ಲಿ ಹಾರೆ ಹಿಡಿದವರು. ಅಕ್ಕಲಕೋಟ ತಾಲ್ಲೂಕಿನಲ್ಲಿ ತೋಡಿದ ಬಾವಿ ನೂರಹತ್ತು, ಹೂಳು ತೆಗೆದದ್ದು ಮುನ್ನೂರರ ಮೇಲೆ. "ಈಗ ಎಲ್ಲಾರೂ ಬೋರ್ ಹೊಡಸ್ತಾರ್ರಿ. ನಮ್ಮನ್ನ ಕರಿಯೂದು ಹೂಳ ತಗಿಯಾಕ, ಇಲ್ಲಂದ್ರ ಬಿದ್ದ ಎಮ್ಮಿ ಎತ್ತಾಕ," ಎಂದು ನಗುತ್ತಾರೆ. ಹೂಳಾದರೂ ಹೇಳಿದ ಮಾತು ಕೇಳುತ್ತದಂತೆ, ಎಮ್ಮೆ ಕೇಳುವುದಿಲ್ಲ.

ಹನ್ನೆರಡು ವರ್ಷದ ಹಿಂದೆ ಸೊಲ್ಲಾಪುರದ ಗುತ್ತಿಗೆದಾರನೊಬ್ಬ ಅಂಡಮಾನಿನ ಕಡೆ ಬಾವಿ ಕೆಲಸವಿದೆ ಎಂದು ಆರು ಜನರನ್ನು ಕರೆದೊಯ್ದ. "ವಿಮಾನದಾಗ ಒಯ್ತೀನಿ ಅಂದಿದ್ದ. ಹಡಗಿನ ತಳದಾಗ ತುಂಬಿದ," ಎನ್ನುತ್ತಾರೆ. ಚೆನ್ನೈನಿಂದ ಮೂರು ಹಗಲು ಮೂರು ರಾತ್ರಿ ದೊಡ್ಡ ಹಡಗು, ಮುಂದೆ ಒಂದು ಹಗಲು ಸಣ್ಣ ಹಡಗು, ಕೊನೆಗೆ ಡೋಣಿ. ಪ್ರವಾಸಿಗರು ಹೋಗುವ ದ್ವೀಪಗಳು ಬೇರೆ. ಇಲ್ಲಿ ಹೋಟೆಲಿಲ್ಲ, ರಸ್ತೆಯಿಲ್ಲ, ಡೋಣಿ ಕಟ್ಟಲು ಕಟ್ಟೆಯೂ ಇಲ್ಲ. ಸೊಂಟದವರೆಗಿನ ನೀರಲ್ಲಿ ಗಂಟು ತಲೆ ಮೇಲಿಟ್ಟು ನಡೆಯಬೇಕು. ಕಾಡು ದಂಡೆಯವರೆಗೂ ಬಂದು ನಿಂತಿದೆ. ಮೂರು ತಲೆಮಾರಿನ ಹಿಂದೆ ರಾಂಚಿ ಕಡೆಯಿಂದ ಬಂದವರ ನಲವತ್ತೆರಡು ಮನೆ, ಒಂದು ಶಾಲೆ, ಒಂದು ಬಾವಿ.

ಆ ಬಾವಿ ಎರಡಾಳು ಆಳ. ಬೇಸಿಗೆಯಲ್ಲಿ ಮೀನಖಂಡ ಮುಳುಗುವಷ್ಟೇ ನೀರು. ಅದನ್ನು ಹಿಗ್ಗಿಸುವುದು ಕೆಲಸ. ಸುತ್ತ ಅಗಲ ಮಾಡಿದ್ದಾಯಿತು. ತಳಕ್ಕೆ ಹಾರೆ ಹಾಕುವಾಗ ಊರಿನ ಹಿರಿಯ ಮುದುಕಿ, ಎಲ್ಲರೂ ಹಿಂದಿಯಲ್ಲಿ ದಾದಿ, ಅಂದರೆ ಅಜ್ಜಿ, ಎನ್ನುವವಳು, ಮೇಲಿನಿಂದ ಕೂಗಿದಳಂತೆ: "ಬಸ್ ಬೇಟಾ, ಔರ್ ನೀಚೆ ಮತ್ ಜಾ." ಸಾಕು ಮಗನೇ, ಇನ್ನು ಕೆಳಗೆ ಹೋಗಬೇಡ.

"ನನಗ ನಗಿ ಬಂತರಿ. ನಮ್ಮ ಕಡಿ ಸೆಲಿ ಕಡಿಮಿ ಆತಂದ್ರ ಏನ್ ಮಾಡ್ತೀವಿ? ಇನ್ನಾ ಕೆಳಗ ಹೋಗ್ತೀವಿ. ನಮ್ಮಪ್ಪ ಕಲಿಸಿದ್ದು ಅದ, ಅವರಪ್ಪ ಕಲಿಸಿದ್ದೂ ಅದ. ಸಮುದ್ರ ನೋಡ್ಕೋತ ಕೂತ ಮುದಕಿಗೆ ಬಾಂವಿ ಬಗ್ಗೆ ಏನ್ ಗೊತ್ತು ಅಂದೆ. ಮೂರು ಮೊಳ ತೋಡಿದೆ."

ನೀರು ನುಗ್ಗಿ ಬಂತು. ಜೊತೆಗಾರರು ಕುಣಿದರು. ಮೊದಲ ದಿನ ಸಿಹಿ, ಎರಡನೇ ದಿನ ನಾಲಿಗೆಗೆ ಏನೋ ತಾಗಿದ ಹಾಗೆ, ಮೂರನೇ ದಿನ ಸವಳು. ಅಂಥ ನಡುಗಡ್ಡೆಯ ನೆಲದೊಳಗೆ ಮಳೆಯ ಸಿಹಿನೀರು ಸಮುದ್ರದ ಉಪ್ಪುನೀರಿನ ಮೇಲೆ ಹಾಲಿನ ಕೆನೆಯಂತೆ ತೇಲಿಕೊಂಡಿರುತ್ತದೆ. ಹುಲೆಪ್ಪ ಕೆನೆ ಹರಿದು ಕೆಳಗೆ ಕೈ ಹಾಕಿದ್ದರು.

ಐದನೇ ದಿನ ಹಡಗು ಬಂತು. ಅಳತೆಯ ಪ್ರಕಾರ ಕೆಲಸ ಮುಗಿದಿತ್ತು, ಎಲ್ಲರೂ ಹತ್ತಿದರು. ಯಾರೂ ಬೈಯಲಿಲ್ಲ. ದಾದಿ ಮಾತ್ರ ತನ್ನ ಕೊಡವನ್ನು ತಂದು ಬಾವಿಯ ಕಟ್ಟೆಯ ಮೇಲೆ ಬೋರಲು ಹಾಕಿ ಹೋದಳು. "ಬೈದಿದ್ರ ಅಲ್ಲೇ ತೀರತಿತ್ತರಿ," ಎನ್ನುತ್ತಾರೆ ಹುಲೆಪ್ಪ. ಅಂದಿನಿಂದ ಅಲ್ಲಿಯ ಹೆಂಗಸರು ಕುಡಿಯುವ ನೀರಿಗೆ ಕಾಡು ಹಾಯ್ದು, ಮೊಸಳೆಯ ಹಳ್ಳ ದಾಟಿ, ನಡುಗಡ್ಡೆಯ ಇನ್ನೊಂದು ತುದಿಯ ಒರತೆಗೆ ಹೋಗಬೇಕಾಯಿತು. ಹೋಗಿ ಬರಲು ಅರ್ಧ ದಿನ.

ಎರಡು ವರ್ಷ ಹುಲೆಪ್ಪ ಆ ಕೊಡವನ್ನೇ ನೆನೆದರು. ಮೂರನೇ ವರ್ಷ ಯಾರೂ ಕರೆಯದೆ, ತಮ್ಮದೇ ಖರ್ಚಿನಲ್ಲಿ ಹೊರಟರು. ಹೆಂಡತಿ ತುಳಜಾಬಾಯಿ ಊರೆಲ್ಲ ಹೇಳಿಕೊಂಡು ಬಂದರು: "ನೋಡ್ರವಾ, ನನ್ನ ಗಂಡ ಸಮುದ್ರದಾಗ ಬಾಂವಿ ತೋಡಾಕ ಹೊಂಟಾನ!"

ತೋಡುವ ಕೈ ಅಲ್ಲಿ ಮುಚ್ಚುವುದನ್ನು ಕಲಿಯಿತು. ಜೇಡಿಮಣ್ಣು ಕಲಸಿ, ಕಲ್ಲು ಜಡಿದು, ಆ ಮೂರು ಮೊಳವನ್ನು ತಿರುಗಿ ತುಂಬಿದರು. ಶಾಲೆಯ ಛಾವಣಿಯ ಮಳೆನೀರು ಬಾವಿಯ ಸುತ್ತ ಇಂಗುವಂತೆ ಕಾಲುವೆ ತೆಗೆದರು. ದಾದಿ ಚಿಕ್ಕವಳಾಗಿದ್ದಾಗಿನ ಪದ್ಧತಿಯನ್ನೇ ಎಲ್ಲರಿಂದ ತಿರುಗಿ ಒಪ್ಪಿಸಿದರು: ಪಂಪು ಬೇಡ, ಮನೆಗೆ ಎರಡೇ ಕೊಡ, ಮುಂಜಾನೆ ಮಾತ್ರ, ನಿಧಾನ ಸೇದಬೇಕು. ಕೆನೆ ಕಟ್ಟಲು ಮಳೆಗಾಲಗಳೇ ಬೇಕು, ಅವಸರ ನಡೆಯುವುದಿಲ್ಲ. ಕರೋನಾದ ಎರಡು ವರ್ಷ ಬಿಟ್ಟರೆ ಪ್ರತಿ ಜನವರಿಯಲ್ಲಿ ಹೋಗಿ, ಮಾರ್ಚಿನಲ್ಲಿ ಮರಳುತ್ತಾರೆ. ಮರಳುವ ಮೊದಲು ಒಂದು ಲೋಟ ನೀರು ಸೇದಿ ದಾದಿಗೆ ಒಯ್ಯುತ್ತಾರೆ. ಅವಳು ಬಾಯಿಗೆ ಹಾಕಿಕೊಂಡು, ಪಕ್ಕಕ್ಕೆ ಉಗಿದು, ಲೋಟ ವಾಪಸು ಕೊಡುತ್ತಾಳೆ. ಏಳು ವರ್ಷ ಹಾಗೇ ಆಯಿತು.

ಅಲ್ಲಿ ಮಲಗುವುದು ಶಾಲೆಯ ಪಡಸಾಲೆಯಲ್ಲಿ. ಫೋನು ಹತ್ತುವುದಿಲ್ಲ. ಗಂಟಿನಲ್ಲಿ ತುಳಜಾಬಾಯಿ ಎಣಿಸಿ ಕಟ್ಟಿದ ಅರವತ್ತು ಖಡಕ್ ರೊಟ್ಟಿ, ಹಚ್ಚಿಕೊಳ್ಳಲು ಶೇಂಗಾ ಹಿಂಡಿ. ದಿನಕ್ಕೊಂದು ರೊಟ್ಟಿ, ಅದೇ ಕ್ಯಾಲೆಂಡರು. ಒಂದು ವರ್ಷ ರೊಟ್ಟಿ ತೀರಿ ಹನ್ನೊಂದು ದಿನವಾದರೂ ಹಡಗು ಬರಲಿಲ್ಲ. ದಂಡೆಯಲ್ಲಿ ಕೂತು ಖಾಲಿ ಅರಿವೆಯನ್ನು ಮಡಚುವುದು, ಬಿಚ್ಚುವುದು, ಮಡಚುವುದು.

"ಅವರು ಭಾಳ ಒಳ್ಳೇ ಮಂದಿ ಅದಾರ್ರಿ, ಮೀನಾ ಅನ್ನಾ ಕೊಡ್ತಾರ. ಹಿಂದಿ ನನಗೂ ಬರ್ತದ. ಆದ್ರ ಹಿಂದಿ ಕೆಲಸಕ್ಕ ಬರ್ತದ, ಉಸ್ಸಪಾ ಅನ್ನಾಕ ಬರಂಗಿಲ್ಲ. ಅದಕ ಬಾಂವ್ಯಾಗ ಇಳದು 'ಏ ಹುಲೆಪ್ಪಾ, ಉಂಡ್ಯೋ?' ಅಂತ ಒದರ್ತೀನಿ. ಬಾಂವಿ ತಿರುಗಿ ನಮ್ಮ ಮಾತಿನಾಗ ಕೇಳ್ತದ. 'ಉಂಡೆಪಾ' ಅಂತೀನಿ."

ಹೊರಡುವ ದಿನದ್ದೂ ಒಂದು ಕಥೆಯಿದೆ. ಅವರು ಹಿಡಿಯುವ ಚೆನ್ನೈ ರೈಲುಗಾಡಿ ದುಧನಿಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಸೊಲ್ಲಾಪುರಕ್ಕೆ ಹಿಂದೆ ಹೋಗಿ ಹತ್ತಬೇಕು. ಹೋಟಗಿ ಸ್ಟೇಷನ್ ದಾಟಿ ಸ್ವಲ್ಪ ಹೊತ್ತಿಗೆ ಗಾಡಿ ಅವರ ಊರಿನ ಪಕ್ಕದಲ್ಲೇ ಓಡುತ್ತದೆ. "ರೈಲು ಫಾಟಕದ ಹಂತ್ಯಾಕ ಬಂದು ನಿಂದ್ರು ಅಂತ ಹೆಂಡತಿಗೆ ಅಂದಿದ್ದೆ. 'ಗಾಡಿ ನೋಡಾಕ ನಾ ಏನ್ ಸಣ್ಣ ಹುಡುಗಿ ಏನ?' ಅಂದ್ಳು." ಆದರೆ ಒಮ್ಮೆ ತುಳಜಾಬಾಯಿ ಯಾರಿಗೂ ಹೇಳದೆ ಹೋಗಿ ನಿಂತಿದ್ದರು. ಆವತ್ತು ಹುಲೆಪ್ಪ ಕೂತದ್ದು ಗಾಡಿಯ ಬಲಗಡೆ, ಫಾಟಕ ಕಾಣದ ಬದಿಯ ಕಿಟಕಿಗೆ. ಇದು ಗೊತ್ತಾದದ್ದು ಎರಡು ತಿಂಗಳ ಮೇಲೆ, ನೆರೆಮನೆಯ ಬಸಣ್ಣನ ಬಾಯಿಂದ. ತುಳಜಾಬಾಯಿ ಮತ್ತೆ ಹೋಗಲಿಲ್ಲ.

ಕಳೆದ ಮಾರ್ಚಿನಲ್ಲಿ ಎಂಟನೇ ಲೋಟ. ದಾದಿ ಬಾಯಿಗೆ ಹಾಕಿಕೊಂಡಳು, ಬಹಳ ಹೊತ್ತು ಇಟ್ಟುಕೊಂಡಳು, ಎದ್ದು ಒಳಗೆ ಹೋದಳು. ಉಗಿದಳೋ ನುಂಗಿದಳೋ ಕಾಣಲಿಲ್ಲ. ಹೊರಡುವ ಮುಂಜಾನೆ, ಡೋಣಿಯವರು ಕೂಗುತ್ತಿರುವಾಗ, ಅವಳು ಕೋಲೂರಿಕೊಂಡು ಬಂದು ಬಾವಿಯ ಸಾಲಿನ ತುದಿಗೆ ನಿಂತಳು. ಕಂಕುಳಲ್ಲಿ ಅದೇ ಕೊಡ. ಮುಂದೆ ಒಂಬತ್ತು ಜನ. ದಂಡೆಯಲ್ಲಿ ಸಮುದ್ರದ ನೀರು ಇಳಿಯುತ್ತಿತ್ತು, ಡೋಣಿ ಕಾಯುವಂತಿರಲಿಲ್ಲ. ಹುಲೆಪ್ಪ ತಿರುಗಿ ತಿರುಗಿ ನೋಡುತ್ತ ಸಮುದ್ರಕ್ಕಿಳಿದರು.

ಈಗ ಮತ್ತೆ ಡಿಸೆಂಬರ್. ಮೊಣಕಾಲು ಸವೆದಿದೆ, ಇನ್ನು ಬಾವಿಗೆ ಇಳಿಯಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಶಾಂತಪ್ಪನವರ ಹೊಲದಿಂದ ಬಂದ ಹುಲೆಪ್ಪ ಅಂಗಳದಲ್ಲಿ ಕೂತು ಹಗ್ಗಕ್ಕೆ ಎಣ್ಣೆ ಸವರುತ್ತಿದ್ದಾರೆ. ಒಳಗೆ ರೊಟ್ಟಿ ಬಡಿಯುವ ಸದ್ದು.

"ಇದೊಂದ ಸಲ ಹೋಗಿ ಬರ್ತೀನ್ರಿ. ಆ ಕೊಡದ ನೀರು ಕುಡದಳೋ, ಕಾಲಿಗೆ ಸುರಕೊಂಡಳೋ, ಅಷ್ಟ ಕೇಳಬೇಕು."

"ಕೇಳಿ ಏನ್ ಮಾಡಾಂವ?" ಒಳಗಿನಿಂದ ತುಳಜಾಬಾಯಿ.

"ಕುಡದಿದ್ರ ಹಾರಿ, ಹಗ್ಗ ಎಲ್ಲಾ ಅಟ್ಟಕ್ಕ ಹಾಕ್ತೀನಿ."

"ಕುಡೀಲಿಲ್ಲಂದ್ರ?"

ಹುಲೆಪ್ಪ ಹಗ್ಗಕ್ಕೆ ಇನ್ನೊಂದು ಸಲ ಎಣ್ಣೆ ಸವರುತ್ತಾರೆ. ಒಳಗೆ ಇನ್ನೊಂದು ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತದೆ.

"ಈ ಸಲ ಎಡಗಡಿ ಕಿಡಕಿ ಹಿಡದು ಕೂಡು," ಎನ್ನುತ್ತಾರೆ ತುಳಜಾಬಾಯಿ.